ಗ್ಯಾಸ್ ಲೈಟರ್ ಪಟ್ಟಿಯಲ್ಲಿರಲಿಲ್ಲ

ನನಗೆ ಸಿಟ್ಟು ಬೇಗ ಬರುತ್ತದೆ, ಬಂದಷ್ಟೇ ಬೇಗ ಇಳಿಯುತ್ತದೆ. ಮನೆಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆದರೆ ಹೋದ ವರ್ಷ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದರಲ್ಲಿ ಮುಕ್ಕಾಲು ಪಾಲು ನನ್ನ ಮೇಲೆಯೇ.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಚಿಕ್ಕ ಕಂಪನಿಯಲ್ಲಿ ಚಿಪ್ ಪರೀಕ್ಷೆ ಮಾಡುವುದು ನನ್ನ ಕೆಲಸ. ಕನಕಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ನಮ್ಮ ಚಿಪ್ ಹಳ್ಳಿ ಡೈರಿಗಳಲ್ಲಿ ಹಾಲು ಪರೀಕ್ಷಿಸುವ ಯಂತ್ರದೊಳಗೆ ಕೂರುತ್ತದೆ. ಯಂತ್ರ ಕಂಡದ್ದನ್ನು ಯಾರೂ ತಿರುಚದಂತೆ ಕಾಯುವುದೇ ಅದರ ಕೆಲಸ. ತಿರುಚಬೇಕೆನ್ನುವವನು ಚಿಪ್‌ನ ಗುಟ್ಟನ್ನೆಲ್ಲ ತಿಳಿದಿರಬೇಕಿಲ್ಲ. ಸರಿಯಾದ ಗಳಿಗೆಯಲ್ಲಿ ಒಂದು ವಿದ್ಯುತ್ ಏಟು ಕೊಟ್ಟರೆ ಸಾಕು, ಚಿಪ್ ಒಂದು ಹೆಜ್ಜೆ ಹಾರಿಸಿಬಿಡುತ್ತದೆ. ರಾಗಿ ಅಳೆಯುತ್ತಾ ಸೇರು ಎಣಿಸುತ್ತಿರುವವನ ಬೆನ್ನಿಗೆ ಗುದ್ದಿದರೆ ಎಣಿಕೆ ತಪ್ಪುತ್ತದಲ್ಲ, ಹಾಗೆ. ಅದಕ್ಕೇ ಒಳಗೆ ಒಂದೇ ಕೆಲಸಕ್ಕೆ ಇಬ್ಬರನ್ನು, ಅಂದರೆ ಒಂದೇ ಥರದ ಎರಡು ಸರ್ಕ್ಯೂಟುಗಳನ್ನು ಕೂರಿಸಿರುತ್ತೇವೆ. ಇಬ್ಬರ ಎಣಿಕೆ ಹೊಂದದಿದ್ದರೆ ಯಂತ್ರ ನಿಲ್ಲಬೇಕು. ಎಂಥ ಏಟು ಬಿದ್ದರೂ ಅದು ನಿಂತೇ ನಿಲ್ಲುತ್ತದೆ ಎಂದು ಕಂಪ್ಯೂಟರಿನಲ್ಲಿ ಸಾಬೀತು ಮಾಡಿ ಸಹಿ ಹಾಕಿದವಳು ನಾನು.

ಹೆಮ್ಮೆ ಇತ್ತು. ಅಕ್ಕನನ್ನು ಕೊಟ್ಟ ಊರು ಕೋಡಿಹಳ್ಳಿ ಕಡೆ. ಅಲ್ಲಿಯ ಡೈರಿಗೂ ನಮ್ಮ ಯಂತ್ರ ಬಂತು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆದ ದಿನ ನಾನೂ ಹೋಗಿದ್ದೆ. ಹಾಲು ಹಾಕುವ ಅಷ್ಟೂ ಜನರ ಮುಂದೆ ದೊಡ್ಡದಾಗಿ ಹೇಳಿದೆ: "ಇದರ ಚಿಪ್ ನೋಡಿದ್ದು ನಾನೇ. ಈ ಯಂತ್ರ ಸುಳ್ಳು ಹೇಳಲ್ಲ."

ಎರಡು ತಿಂಗಳಿಗೆ ಅಕ್ಕನ ಫೋನು ಬಂತು.

"ನಮ್ಮಾಲಿಗೆ ನೀರು ಬೆರ್ಸೀವಿ ಅಂತದೆ ಕಣೆ ನಿನ್ ಮಿಷಿನ್ನು. ಕೆಂಪು ಲೈಟು. ಒಂದಿನ ಅಲ್ಲ, ಮೂರು ದಿನ. ಸೆಕ್ರೆಟರಿ ಎಲ್ರ ಎದ್ರಿಗೂ ಅಂದ್ಬುಟ್ಟ, ನಿನ್ ತಂಗೀನೇ ಯೋಳವ್ಳಲ್ಲವ್ವಾ, ಮಿಷಿನ್ ಸುಳ್ಳಾಡಕಿಲ್ಲ ಅಂತ."

ಮುಂದಿನ ಮಾತು ಅವಳಿಗೆ ಕಷ್ಟವಾಯಿತು. ಡೈರಿಯ ಸಭೆ ಕರೆದಿದ್ದಾರೆ, ಸದಸ್ಯರ ಪಟ್ಟಿಯಿಂದ ಅವಳ ಹೆಸರು ತೆಗೆಯುತ್ತಾರೆ, ಬೀದಿಯಲ್ಲಿ ಆಗಲೇ 'ನೀರಾಲಿನೋಳು' ಅನ್ನುತ್ತಿದ್ದಾರೆ. ಹದಿನೆಂಟು ವರ್ಷ ಹಾಲು ಹಾಕಿದ ಹೆಂಗಸಿಗೆ ಈ ಹೆಸರು! ನಾನಾದರೂ ಕೇಳಿದ್ದೇನು? "ಕ್ಯಾನ್ ತೊಳೆದ ಮೇಲೆ ನೀರು ಪೂರ್ತಿ ಬಸಿದಿದ್ದೆಯಾ ಅಕ್ಕ?"

ಅದಕ್ಕೆ ಅವಳು, "ಆ ಸೆಕ್ರೆಟರಿ ಟೀ ಕಾಯ್ಸಕೆ ಲೈಟರ್ ಟಕ್ ಅನ್ನುಸ್ದಾಗ್ಲೇ ಕಣೆ ಕೆಂಪು ಬರಾದು" ಎಂದಳು. ನಾನು ನಕ್ಕೆ. ಕುಣಿಯಲಾರದವಳು ನೆಲ ಡೊಂಕು ಎಂದಂತಾಯಿತು ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಭಾನುವಾರ ಅಕ್ಕನ ಊರಿಗೆ ಹೋದೆ. ತಪ್ಪು ಕ್ಯಾನಿನದು ಎಂದು ಅವಳಿಗೆ ತೋರಿಸಿಕೊಡಲೆಂದೇ ಹೋದದ್ದು. ಕ್ಯಾನನ್ನು ಬಟ್ಟೆಯಲ್ಲಿ ಒರೆಸಿ, ಬಿಸಿಲಲ್ಲಿ ಒಣಗಿಸಿ, ಸಂಜೆ ನಾನೇ ಪಕ್ಕದಲ್ಲಿ ನಿಂತು ಹಾಲು ಕರೆಸಿ, ನಾನೇ ಡೈರಿಗೆ ಹೊತ್ತು ತಂದೆ. ಅಕ್ಕನ ಮನೆ ಊರಾಚೆ ತೋಟದಲ್ಲಿ, ಹಿಪ್ಪುನೇರಳೆ ಸಾಲು ದಾಟಿ ಬರಬೇಕು. ಹಾಗಾಗಿ ಸಾಲಿನಲ್ಲಿ ಅವಳದು ಯಾವಾಗಲೂ ಕೊನೆ. ಅಷ್ಟು ಹೊತ್ತಿಗೆ ಸೆಕ್ರೆಟರಿಗೆ ಟೀ ಬೇಕಾಗುತ್ತದೆ. ಯಂತ್ರದ ಪಕ್ಕದ ಮೇಜಿನಲ್ಲೇ ಒಲೆ. ಅವನು ಹಾಲನ್ನು ಯಂತ್ರಕ್ಕೆ ಕೊಟ್ಟು, ಒಲೆಯ ಕಡೆ ತಿರುಗಿ ಲೈಟರ್ ಒತ್ತಿದ. ಟಕ್, ಟಕ್, ಟಕ್. ಕೆಂಪು ದೀಪ ಹತ್ತಿತು.

"ನೋಡ್ದಾ?" ಎಂದಳು ಅಕ್ಕ. ನನಗೆ ಅವಳ ಮುಖ ನೋಡಲಾಗಲಿಲ್ಲ.

ಸೋಮವಾರ ಬಸ್‌ಸ್ಟ್ಯಾಂಡಿನ ಪಾತ್ರೆ ಅಂಗಡಿಯಲ್ಲಿ ಅಂಥದ್ದೇ ಲೈಟರ್ ಕೊಂಡು ಲ್ಯಾಬಿಗೆ ಹೋದೆ. ಚಿಪ್ ಹತ್ತಿರ ಹಿಡಿದು ಒತ್ತಿದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಯಲಾಯಿತು. ಒಬ್ಬರ ಹಾಲು ನೋಡಿದ ಮೇಲೆ ಯಂತ್ರ ತನ್ನನ್ನು ತಾನೇ ನೀರಿನಲ್ಲಿ ತೊಳೆದುಕೊಳ್ಳುತ್ತದೆ. ಆ ನೀರಿನ ಅಳತೆ ಚಿಪ್‌ನಲ್ಲಿ ಉಳಿದಿರುತ್ತದೆ, ಮುಂದಿನ ಹಾಲಿನ ಅಳತೆ ಬಂದು ಅದನ್ನು ಅಳಿಸಬೇಕು. ಲೈಟರಿನ ಕಿಡಿ ಎಂದರೆ ಗಾಳಿಯಲ್ಲೇ ಹಾಯುವ ಪುಟ್ಟ ವಿದ್ಯುತ್ ಏಟು, ಅದು ಬಿದ್ದ ಗಳಿಗೆಯಲ್ಲಿ ಚಿಪ್ ಆ ಹೆಜ್ಜೆಯನ್ನೇ ಹಾರಿಸುತ್ತಿತ್ತು. ಅಕ್ಕನ ಹಾಲೆಂದು ಅದು ತೋರಿಸಿದ್ದು ತಾನು ಬಾಯಿ ಮುಕ್ಕಳಿಸಿದ ನೀರನ್ನು.

ಹಾಗಾದರೆ ಒಳಗೆ ಕೂರಿಸಿದ ಇಬ್ಬರು ಏನು ಮಾಡುತ್ತಿದ್ದರು? ಅಕ್ಕಪಕ್ಕ ಕೂತಿದ್ದರು. ಒಂದೇ ಗುದ್ದು ಇಬ್ಬರ ಬೆನ್ನಿಗೂ ಬಿತ್ತು. ಇಬ್ಬರೂ ಒಂದೇ ತಪ್ಪು ಮಾಡಿದರು, ಇಬ್ಬರ ಎಣಿಕೆಯೂ ಹೊಂದಿತು! ನನ್ನ ಸಾಬೀತು ತೆರೆದು ನೋಡಿದೆ. ಮೇಲಿನಿಂದ ನಾಲ್ಕನೇ ಸಾಲಿನಲ್ಲಿ ನಾನೇ ಬರೆದಿದ್ದೆ: ಏಟು ಒಂದು ಸಲಕ್ಕೆ ಒಬ್ಬನಿಗೆ ಮಾತ್ರ ಬೀಳುತ್ತದೆ. ಯಾಕೆ ಬರೆದೆ? ಆ ಸಾಲು ಇಲ್ಲದಿದ್ದರೆ ಕಂಪ್ಯೂಟರ್ ವಾರಗಟ್ಟಲೆ ಓಡಿದರೂ ಉತ್ತರ ಬರುತ್ತಿರಲಿಲ್ಲ. ನನ್ನ ಅನುಕೂಲಕ್ಕೆ ನಾನೇ ಒಂದು ಲೋಕ ಮಾಡಿಕೊಂಡು, ಅಲ್ಲಿ ಎಲ್ಲ ಕ್ಷೇಮ ಎಂದು ಸಹಿ ಹಾಕಿದ್ದೆ.

ಮ್ಯಾನೇಜರಿಗೆ ತೋರಿಸಿದೆ. ಅವರು ಲೈಟರನ್ನು ತಿರುಗಿಸಿ ತಿರುಗಿಸಿ ನೋಡಿ, "ಚಿಪ್ ತಡೆಯಬೇಕಾದ ದಾಳಿಗಳ ಪಟ್ಟಿಯಲ್ಲಿ ಇದು ಇಲ್ಲವಲ್ಲಮ್ಮ. ಲೇಸರ್ ಇದೆ, ವೋಲ್ಟೇಜ್ ಇದೆ. ಇದು ದಾಳಿಯೇ ಅಲ್ಲ" ಎಂದರು.

"ಚಿಪ್‌ಗೆ ಪಟ್ಟಿ ಓದೋಕೆ ಬರಲ್ಲ ಸರ್."

"ಮುಂದಿನ ಮಾಡೆಲ್‌ನಲ್ಲಿ ಸರಿ ಮಾಡೋಣ. ಅಲ್ಲಿವರೆಗೆ ಹೊರಗಡೆ ಬಾಯಿ ಬಿಡಬೇಡಿ."

ಮುಂದಿನ ಮಾಡೆಲ್ ಬರುವ ತನಕ ನನ್ನ ಅಕ್ಕ ಕಳ್ಳಿಯಾಗಿರಬೇಕು! ಅವರ ಕೈಯಿಂದ ಲೈಟರ್ ಕಿತ್ತುಕೊಂಡು ಎದ್ದುಬಂದೆ.

ಸಭೆಯ ದಿನ ಡೈರಿಯ ಒಳಗೆ, ಜಗಲಿಯ ಮೇಲೆ, ಎಲ್ಲ ಕಡೆ ಜನ. ನಾನು ಭಾಷಣ ಮಾಡಲಿಲ್ಲ. ಸೆಕ್ರೆಟರಿಗೆ, "ನಿಮ್ಮ ಮನೆ ಹಾಲು ಹಾಕಿ" ಎಂದೆ. ಹಾಕಿದ. ಲೈಟರ್ ಒತ್ತಿದೆ, ಏನೂ ಆಗಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಮತ್ತೆ ಹಾಕಿಸಿದೆ, ಆಗಲೂ ಇಲ್ಲ. ಏಟು ಸರಿಯಾದ ಗಳಿಗೆಗೇ ಬೀಳಬೇಕಲ್ಲ. ಮೂರನೇ ಸಲಕ್ಕೆ ಕೆಂಪು ದೀಪ ಹತ್ತಿತು.

"ನಾನ್ಯಾಕವ್ವ ನೀರಾಕ್ಲಿ ನಮ್ಮಾಲಿಗೆ!" ಎಂದು ಸೆಕ್ರೆಟರಿ ಕೂಗಿದ.

"ಇದೇ ಮಾತು ನಮ್ಮಕ್ಕನೂ ಹೇಳಿದ್ದಳಲ್ಲ" ಎಂದೆ. ಅವನು ಬೇಕೆಂದೇ ಮಾಡುತ್ತಿದ್ದನೋ, ಟೀ ಚಪಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬಾಗಿಲ ಬಳಿ ಕೂತಿದ್ದ ಮುದುಕರೊಬ್ಬರು, "ಲೈಟರ್‌ಗೆ ಅದು ಬೆದರ್ತದೆ ಅಂತ ನಂಗೂ ಗೊತ್ತಿತ್ತು. ಇಂಜಿನಿಯರಮ್ಮ ಯೋಳಿದ್ಮೇಲೆ ನಮ್ಮಾತ್ ಯಾರ್ ಕೇಳಾರು ಅಂತ ಸುಮ್ಕಿದ್ದೆ" ಎಂದರು. ಅಕ್ಕನ ಹೆಸರು ಉಳಿಯಿತು. ಒಲೆ ಹೊರಗೆ ಹೋಯಿತು. ನನ್ನ ಸಹಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆಂದು ಮರುದಿನವೇ ಕಂಪನಿಗೆ ಬರೆದುಕೊಟ್ಟೆ. ಉತ್ತರ ಇನ್ನೂ ಬಂದಿಲ್ಲ. ಬೇರೆ ಊರುಗಳಲ್ಲಿ ಆ ಯಂತ್ರಗಳು ಇವತ್ತೂ ಹಾಲು ನೋಡುತ್ತಿವೆ.

ಸಭೆ ಮುಗಿಸಿ ತೋಟದ ಹಾದಿಯಲ್ಲಿ ಇಬ್ಬರೇ ನಡೆದೆವು. ಖಾಲಿ ಕ್ಯಾನು ನನ್ನ ಕೈಯಲ್ಲಿತ್ತು. ಅಕ್ಕ ಹೊಗಳುತ್ತಾಳೆ ಅಂದುಕೊಂಡಿದ್ದೆ, ಸುಳ್ಳೇಕೆ. ಅವಳು ನಿಂತಳು.

"ಆ ಚಿಪ್ಪಿಗೆ ನಾನ್ಯಾರು ಅಂತ ಗೊತ್ತಿಲ್ಲ, ಬುಡು. ನಿಂಗೊತ್ತು. ನಾನು ನೀರಾಕಿದ್ದೀನಿ ಅಂತ್ಲೇ ನೀನೂ ಅನ್ಕಂಡಿದ್ದೆ ತಾನೆ?"

ಮಾತಿಗೆ ಮಾತು ಕೊಡದೆ ಬಿಟ್ಟವಳಲ್ಲ ನಾನು. ಅವತ್ತು ವಾದ ಮಾಡಲಿಲ್ಲ.

"ಹೂಂ ಅಕ್ಕ" ಎಂದೆ.

ಅವಳು ನನ್ನ ಕೈಯಿಂದ ಕ್ಯಾನು ತೆಗೆದುಕೊಂಡು ಮುಂದೆ ನಡೆದಳು.