ಆಷಾಢ ಕಳೆದ ಮೇಲೆ ಬಂದ ತಿಂಗಳು

ಮುನಿಆಂಜನಪ್ಪ ಇಪ್ಪತ್ತು ವರ್ಷ ಹಲಸೂರಿನಲ್ಲಿ ಬೇರೆಯವರ ಮನೆಗಳಿಗೆ ಗಾರೆ ಮೆತ್ತಿದ ಮೇಸ್ತ್ರಿ. ತಾನೇ ಒಂದು ಮನೆ ಕೊಂಡದ್ದು ನಲವತ್ತೇಳನೇ ಇಸವಿಯಲ್ಲಿ. ಅದೂ ವಾಸಕ್ಕಲ್ಲ, ರಿಪೇರಿ ಮಾಡಿ ಮಾರುವುದಕ್ಕೆ. ಇಂಗ್ಲೆಂಡಿಗೆ ಹೊರಟಿದ್ದ ರೈಲ್ವೆ ಗಾರ್ಡೊಬ್ಬರು ತಮ್ಮ ಹಳೇ ಹೆಂಚಿನ ಮನೆಯನ್ನು ನಾಲ್ಕು ಸಾವಿರಕ್ಕೆ ಕೊಡುತ್ತೇನೆಂದರು. ಇವನ ಹತ್ತಿರ ಇದ್ದದ್ದು ಒಂದು ಸಾವಿರ. ಸಾಲ ಕೇಳಲು ಹೋದರೆ ಬ್ಯಾಂಕಿನವರು ಕೂರು ಎಂದೂ ಹೇಳಲಿಲ್ಲ.

ಲೇವಾದೇವಿಯ ಚಿಕ್ಕವೆಂಕಟಪ್ಪ ನಾಲ್ಕು ಸಾವಿರ ಕೊಟ್ಟರು: ಮನೆಗೆ ಮೂರು, ರಿಪೇರಿಗೆ ಒಂದು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ. ನಾಲ್ಕು ತಿಂಗಳಲ್ಲಿ, ಜುಲೈ ಮೂವತ್ತೊಂದರೊಳಗೆ, ತೀರಿಸದಿದ್ದರೆ ಆ ಮನೆಯೂ ಹೋಯಿತು, ಪತ್ರ ಅಡವಿಟ್ಟಿದ್ದ, ಕೃಷ್ಣರಾಜಪುರದಲ್ಲಿ ಹೆಂಡತಿ ಗೋವಿಂದಮ್ಮ ಇರುವ ಮನೆಯೂ ಹೋಯಿತು.

ಜೂನ್ ನಡುವಿಗೆ ಕೆಲಸ ಮುಗಿಯಿತು. ಗುಮಾಸ್ತ ರಾಮಯ್ಯ ನೋಡಿ ಆರೂವರೆ ಸಾವಿರಕ್ಕೆ ಒಪ್ಪಿದರು.

"ಆಷಾಢ ಬಂತಲ್ಲಪ್ಪ ಮೇಸ್ತ್ರಿ. ಶ್ರಾವಣದಲ್ಲಿ ರಿಜಿಸ್ಟ್ರಿ ಮಾಡ್ಕೊಳೋಣ."

ಆಷಾಢದಲ್ಲಿ ಯಾರೂ ಮನೆ ಕೊಳ್ಳುವುದಿಲ್ಲ. ಅದನ್ನು ಲೆಕ್ಕ ಹಾಕಿಯೇ ಅವನು ಜುಲೈ ಗಡುವಿಗೆ ಒಪ್ಪಿದ್ದ. ಅಮಾವಾಸ್ಯೆ ಕಳೆದರೂ ಇನ್ನೂ ಹದಿಮೂರು ದಿನ ಕೈಯಲ್ಲಿತ್ತು.

ಅಮಾವಾಸ್ಯೆ ಕಳೆಯಿತು. ರಾಮಯ್ಯ ಬರಲಿಲ್ಲ. ಇವನೇ ಹೋದ.

"ಪಂಚಾಂಗ ನೋಡಿಸ್ಲಿಲ್ವಾ? ಈ ಸಲ ಅಧಿಕ ಶ್ರಾವಣ. ಅಧಿಕ ಮಾಸದಲ್ಲಿ ಮನೆ ತಗೋತಾರೇನಯ್ಯ? ನಿಜ ಶ್ರಾವಣ ಹುಟ್ಟೋದು ಆಗಸ್ಟ್ ಹದಿನೇಳಕ್ಕೆ."

"ಹೂಂ ಸ್ವಾಮಿ," ಎಂದು ಮೆಟ್ಟಿಲಿಳಿದ. ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಗಡುವು ಒಂದು ತಿಂಗಳು ಮುಂದೆ ಹಾಕಿ ಎಂದು ಕೇಳಿದ್ದಕ್ಕೆ ಚಿಕ್ಕವೆಂಕಟಪ್ಪ ನಕ್ಕರು. "ಪಂಚಾಂಗ ನಮ್ಮನೇಲೂ ಐತೆ ಕಣಯ್ಯ. ಅದಕ್ಕೇ ಪತ್ರದಲ್ಲಿ ಇಂಗ್ಲಿಷ್ ತಾರೀಕು ಬರೆಸಿದ್ದು."

ರಸೆಲ್ ಮಾರುಕಟ್ಟೆಯ ಹಣ್ಣಿನ ವ್ಯಾಪಾರಿ ಶೌಕತ್ ಸಾಹೇಬರಿಗೆ ಆಷಾಢವೂ ಇಲ್ಲ, ಅಧಿಕವೂ ಇಲ್ಲ. ಜುಲೈ ಇಪ್ಪತ್ತೊಂಬತ್ತಕ್ಕೆ ಬಂದು ಗೋಡೆ ತಟ್ಟಿ ನೋಡಿದರು. ರಂಜಾನಿನ ರೋಜಾ ಉಪವಾಸ ಇದ್ದುದರಿಂದ ಕೊಟ್ಟ ನೀರು ಮುಟ್ಟಲಿಲ್ಲ.

"ನಾಕು ಸಾವಿರದ ಆರ್ನೂರು. ನಾಳೇನೇ ಕೊಡ್ತೀನಿ."

"ಬೇರೆಯವ್ರು ಆರೂವರೆ ಅಂದಿದ್ರು ಸಾಹೇಬ್ರೆ."

"ಎಲ್ಲವ್ರೆ ಅವ್ರು?"

ಅಸಲು, ಬಡ್ಡಿ ಸೇರಿ ನಾಲ್ಕು ಸಾವಿರದ ನಾನೂರ ಎಂಬತ್ತು ಆಗಿತ್ತು. ಅವನು ಹೆಬ್ಬೆಟ್ಟು ಒತ್ತಿದ. ಸಾಲ ತೀರಿ ನೂರ ಇಪ್ಪತ್ತು ಉಳಿಯಿತು. ಕೂಡಿಟ್ಟ ಸಾವಿರ ಹೋಗಿತ್ತು.

"ನಮ್ಮನೆ ಪತ್ರ ಬಂತಾ?" ಎಂದಳು ಗೋವಿಂದಮ್ಮ.

"ಬಂತು."

ಅವಳು ಪತ್ರ ತೆಗೆದುಕೊಂಡು ಒಳಗೆ ಹೋಗಿ ಮುದ್ದೆ ಇಟ್ಟಳು. ಅವನು ಉಂಡ. ರುಚಿ ಗೊತ್ತಾಗಲಿಲ್ಲ.

ವಾರ ಕಳೆದು ಶೌಕತ್ ಹೇಳಿಕಳಿಸಿದರು: ಅಡುಗೆಮನೆ ಗೋಡೆ ಒಡೆದು ದೊಡ್ಡದು ಮಾಡಬೇಕು, ದಿನಕ್ಕೆ ಎರಡೂವರೆ ರೂಪಾಯಿ ಕೂಲಿ. ಅವನು ಬೆಳಿಗ್ಗೆಯೇ ಹೋದ. ತಾನೇ ಮೆತ್ತಿದ ಗಾರೆ ಚೆನ್ನಾಗಿ ಹಿಡಿದಿತ್ತು. ಒಡೆಯುವಷ್ಟರಲ್ಲಿ ಮಧ್ಯಾಹ್ನವಾಯಿತು.