ಬೆಳಕಿಂಡಿಗೆ ಹಿಡಿದ ಕನ್ನಡಿ

ತಂಗಿಯ ಮದುವೆಯ ಚಿತ್ರಕ್ಕೆ ಯಾವ ಬೆಳಕು ಹಿಡಿಯಬೇಕು ಎಂದು ನಾನು ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಬೇರೆಯವರು ಅಷ್ಟು ದಿನದಲ್ಲಿ ಮದುವೆಯನ್ನೇ ಮಾಡಿ ಮುಗಿಸುತ್ತಾರೆ. ಆದರೆ ಆಗ ರೋಣದಲ್ಲಿ ಕ್ಯಾಮೆರಾ ಇದ್ದವನು ನಾನೊಬ್ಬನೇ. ಹಾಗಾಗಿ ಅದರ ವಿಷಯ ತಿಳಿದವನೂ ನಾನೊಬ್ಬನೇ ಎಂದು ನಂಬಿದ್ದೆ. ಊರವರೂ ನಂಬಿದ್ದರು, ಪಾಪ, ಅವರಿಗೆ ಬೇರೆ ದಾರಿ ಇರಲಿಲ್ಲ.

ಅದು ಕಂಪನಿ ಸರಕಾರದ ಕಾಲ. ಧಾರವಾಡದಲ್ಲಿ ಭೂಮಿ ಅಳೆಯುತ್ತಿದ್ದ ಸಾಹೇಬನೊಬ್ಬನ ಹಿಂದೆ ಎರಡು ವರ್ಷ ಈ ಪೆಟ್ಟಿಗೆ ಹೊತ್ತು ತಿರುಗಿದ್ದೆ. ಅವನು ತನ್ನ ದೇಶಕ್ಕೆ ಹೊರಟಾಗ ಪೆಟ್ಟಿಗೆ ನನ್ನ ಹತ್ತಿರ ಉಳಿಯಿತು. ಗಾಜಿಗೆ ಔಷಧಿ ಬಳಿದು, ಅದು ಆರುವುದರೊಳಗೆ ಬಿಂಬ ಹಿಡಿದು, ಹಳದಿ ಬಟ್ಟೆಯ ಗುಡಾರದೊಳಗೆ ಕುಳಿತು ತೊಳೆಯಬೇಕು. ಹಳದಿಯೇ ಏಕೆಂದರೆ ಆ ಔಷಧಿಗೆ ಹಳದಿ ಬೆಳಕು ಕಾಣುವುದಿಲ್ಲ, ಅದರ ಪಾಲಿಗೆ ಹಳದಿಯೂ ಕತ್ತಲೆಯೇ. ಈ ಪಾಠವನ್ನು ಸಾಹೇಬ ಹತ್ತು ಸಲ ಹೇಳಿದ್ದ. ನಾನು ಹತ್ತು ಸಲವೂ ತಲೆಯಾಡಿಸಿದ್ದೆ.

ಅವ್ವ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳು ಅಪ್ಪನ ತಂಗಿ, ನಮ್ಮ ಅತ್ತಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ಬಿಳಿ ಸೀರೆಯುಟ್ಟು ಅಡುಗೆಮನೆ ಸೇರಿದವಳು. ಗಜೇಂದ್ರಗಡಕ್ಕೆ ಕೊಡುವುದು ನಿಶ್ಚಯವಾದಾಗ ತಂಗಿ ನನ್ನನ್ನು ಕೇಳಿದ್ದು ಒಂದೇ ಮಾತು.

"ಅಣ್ಣಾ, ಚಿತ್ರದಾಗ ಅತ್ತಿನೂ ಇರ್ಲಿ. ಅಲ್ಲಿ ಹೋದಮ್ಯಾಲ ನನಗ ಅಕಿ ಮಾರಿ ನೋಡಬೇಕನಸ್ತೈತಿ."

ಮನೆಯ ಯಜಮಾನಿಕೆ ನಡೆಸುತ್ತಿದ್ದ ದೊಡ್ಡವ್ವ ಅದನ್ನು ಕೇಳಿಸಿಕೊಂಡಳು. "ಶುಭಕಾರ್ಯದಾಗ ಅಕಿ ಮುಂದ ಬಂದ ನಿಂದ್ರೂದ ಚಂದ ಅಲ್ಲ. ಮುತ್ತೈದೇರಷ್ಟ ನಿಂದರ್ತೀವಿ," ಎಂದಳು.

ನಾನು ಗಾಜು ಒರೆಸುತ್ತಾ ಕುಳಿತೆ. ನನಗೆ ಬೆಳಕಿನ ಚಿಂತೆ ಇತ್ತಲ್ಲ! ಅಂಥ ಘನವಾದ ಚಿಂತೆ ಇದ್ದವನು ಇಂಥ ಸಣ್ಣ ಮಾತಿಗೆ ಬಾಯಿ ಹಾಕುತ್ತಾನೆಯೇ? ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಂಗಳದ ಬಿಸಿಲಲ್ಲಿ ನಿಲ್ಲಿಸಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಆದರೆ ಚಿತ್ರ ತೆಗೆಯಬೇಕಾದದ್ದು ಅರಿಷಿಣದ ದಿನ, ಮತ್ತು ಅರಿಷಿಣ ಹಚ್ಚಿದ ಹುಡುಗಿ ನಮ್ಮಲ್ಲಿ ಹೊಸ್ತಿಲು ದಾಟುವಂತಿಲ್ಲ. ಮನೆಯೊಳಗೋ, ಮಣ್ಣಿನ ದಪ್ಪ ಗೋಡೆ, ಮಾಳಿಗೆಯಲ್ಲಿ ಮೊರದಗಲದ ಒಂದು ಬೆಳಕಿಂಡಿ. ಮಧ್ಯಾಹ್ನದಲ್ಲೂ ಎದುರಿಗೆ ಬಂದವರನ್ನು ಕೆಮ್ಮಿನ ಮೇಲೆ ಗುರುತು ಹಿಡಿಯಬೇಕು.

ಮೊದಲು ಪಂಜು ಹಿಡಿಯುವ ಊರ ಹಿಲಾಲಿನವನನ್ನು ಕರೆಸಿದೆ. "ದೇವರ ಪಲ್ಲಕ್ಕಿಗೇ ನನ್ನ ಹಿಲಾಲ ಸಾಕಾಗೇತ್ರಿ, ನಿಮ್ಮ ಗಾಜಿಗೆ ಸಾಲೂದಿಲ್ಲೇನ್ರಿ?" ಎಂದ. ಅಪ್ಪನನ್ನು ನಾಲ್ಕು ಹಿಲಾಲುಗಳ ನಡುವೆ ಕೂರಿಸಿ ಪರೀಕ್ಷೆ ಮಾಡಿದೆ. ಗಾಜಿನ ಮೇಲೆ ಏನೂ ಮೂಡಲಿಲ್ಲ. ಅಪ್ಪನ ಮೂಗಿನ ಮೇಲೆ ಮಾತ್ರ ಕಾಡಿಗೆ ಚೆನ್ನಾಗಿ ಮೂಡಿತ್ತು. ಉರಿಯ ಬಣ್ಣ ಹಳದಿ ಎಂಬುದು ಅಷ್ಟು ತಿಳಿದವನಾದ ನನಗೆ ಹೊಳೆಯಲಿಲ್ಲ. ಎಣ್ಣೆ ಕಲಬೆರಕೆ ಎಂದು ಹಿಲಾಲಿನವನನ್ನೇ ಬೈದು ಕಳಿಸಿದೆ.

ಆಮೇಲೆ ನರಗುಂದಕ್ಕೆ ಹೋಗಿ ಬಿರುಸು ಬಾಣದ ಮದ್ದು ಮಾಡುವವನಿಂದ, ಬೆಳ್ಳಗೆ ಉರಿಯುವ ಚಂದ್ರಜ್ಯೋತಿ ತಂದೆ. "ಇದನ್ನ ಹಚ್ಚಿದ್ರ ಗುಡ್ಡದ ಮ್ಯಾಲಿನ ಕಲ್ಲ ಎಣಸಬೌದ್ರಿ," ಎಂದಿದ್ದ. ಅವನು ಸುಳ್ಳು ಹೇಳಿರಲಿಲ್ಲ. ಪಡಸಾಲೆಯಲ್ಲಿ ಹಚ್ಚಿದಾಗ ತೊಲೆಯ ಮೇಲಿನ ಜೇಡರ ಬಲೆಯೂ ಕಂಡಿತು. ಮರುಗಳಿಗೆಯಲ್ಲಿ ಹೊಗೆ ತುಂಬಿ ನನ್ನ ಕೈ ನನಗೇ ಕಾಣದಾಯಿತು. ದನದ ಅಂಕಣದಲ್ಲಿದ್ದ ಎಮ್ಮೆ ಹಗ್ಗ ಹರಿದುಕೊಂಡು ಊರ ಹೊರಗೆ ಓಡಿತು, ಮೂರು ದಿನ ಹಾಲು ಕೊಡಲಿಲ್ಲ. ದೊಡ್ಡವ್ವ ನನಗೆ ಮಜ್ಜಿಗೆ ಬಡಿಸುವುದನ್ನು ನಿಲ್ಲಿಸಿದಳು.

ಕೊನೆಗೆ ಗಜೇಂದ್ರಗಡದ ಪೇಟೆಯಿಂದ ಮೂರು ದೊಡ್ಡ ಕನ್ನಡಿ ತಂದೆ. ಒಂದು ಮಾಳಿಗೆಯ ಮೇಲೆ ಬಿಸಿಲು ಹಿಡಿದು ಬೆಳಕಿಂಡಿಯೊಳಗೆ ಇಳಿಸುವುದು, ಉಳಿದೆರಡು ಅದನ್ನು ಮುಖಗಳ ಮೇಲೆ ತಿರುಗಿಸುವುದು. ಇಂಥ ಯುಕ್ತಿ ಭೂಮಿಯ ಮೇಲೆ ಯಾರಿಗೂ ಹೊಳೆದಿಲ್ಲ ಎಂದು ಬೀಗಿದೆ. ಕನ್ನಡಿಗಳನ್ನು ಒರೆಸಿಕೊಟ್ಟವಳು ಅತ್ತಿ. ಮುಖವನ್ನು ಆಚೆ ತಿರುಗಿಸಿಕೊಂಡೇ ಒರೆಸಿದಳು. ಗಂಡನಿಲ್ಲದವಳು ಕನ್ನಡಿ ನೋಡಬಾರದೆಂದು ಅವಳಿಗೆ ಯಾರೂ ನೆನಪು ಮಾಡಬೇಕಾಗಿರಲಿಲ್ಲ, ತವರಿಗೆ ಬಂದಾಗಿನಿಂದ ನೋಡಿರಲಿಲ್ಲ.

ಅರಿಷಿಣದ ದಿನ ಅಪ್ಪ ಕನ್ನಡಿ ಹಿಡಿದು ಮಾಳಿಗೆ ಹತ್ತಿದ. ಕೆಳಗೆ ತಂಗಿ, ಅವಳ ಪಕ್ಕ ದೊಡ್ಡವ್ವ, ಸುತ್ತ ಐವರು ಮುತ್ತೈದೆಯರು. ಹುಡುಗಿಯ ಮುಖದಲ್ಲಿ ಅರಿಷಿಣ ಬೆರಳು ದಪ್ಪ ಇತ್ತು. ಉಳಿದವರೇನು ಕಡಿಮೆಯೇ, ಚಿತ್ರದಲ್ಲಿ ಬೆಳ್ಳಗೆ ಬರಬೇಕೆಂದು ಎರಡೆರಡು ಸಲ ಹಚ್ಚಿಕೊಂಡಿದ್ದರು. ಅಪ್ಪನ ಕನ್ನಡಿ ಆಗಾಗ ವಾಲಿ ಬೆಳಕು ಅವರನ್ನು ದಾಟಿ ಹಿಂದಿನ ಅಡುಗೆಮನೆಯ ಬಾಗಿಲಿಗೂ ಬಡಿಯುತ್ತಿತ್ತು. ನಾನು ಅದನ್ನು ಗಮನಿಸದೆ, ಯಾರೂ ಮಿಸುಕಬಾರದೆಂದು ಹೇಳಿ, ಗಾಜಿಗೆ ಬೆಳಕು ಬಿಟ್ಟು ಮೂವತ್ತರವರೆಗೆ ಎಣಿಸಿದೆ.

ಗಾಜು ತೊಳೆದು, ಬಿಂಬ ಕಾಣಲೆಂದು ಹಿಂದೆ ಕರಿ ಬಟ್ಟೆ ಇಟ್ಟು ಎಲ್ಲರ ಮುಂದೆ ಹಿಡಿದೆ. ಮುಂದಿನ ಸಾಲಿನಲ್ಲಿ ಏಳು ಮುಖಗಳೂ ಹೆಂಚಿನ ತಳದಷ್ಟು ಕರ್ರಗೆ ಇದ್ದವು. ಕಣ್ಣಿಲ್ಲ, ಮೂಗಿಲ್ಲ. ಅವರ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ, ಅರಿಷಿಣ ಮುಟ್ಟದ ಒಂದೇ ಒಂದು ಮುಖ ಹಣೆಯ ಗೆರೆ ಸಹಿತ ಸ್ಪಷ್ಟವಾಗಿ ನಿಂತಿತ್ತು. ತಾನು ಸಾಕಿದ ಹುಡುಗಿಯನ್ನು ನೋಡಲು ಅತ್ತಿ ಅಲ್ಲಿಗೆ ಬಂದಿದ್ದಳು. ಮಿಸುಕದೆ ನಿಲ್ಲುವುದು ಅವಳಿಗೆ ಕಷ್ಟವೇನಲ್ಲ, ಅಷ್ಟು ವರ್ಷ ಆ ಮನೆಯಲ್ಲಿ ಅದನ್ನೇ ಮಾಡಿದ್ದಳು.

ಸಾಹೇಬನ ಪಾಠ ಆಗ ನೆನಪಾಯಿತು. "ಅರಿಷಿಣ ತೊಳಕೊಂಡ ಬಂದ್ರ ಇನ್ನೊಂದ ತಗೀತೀನಿ," ಎಂದುಬಿಟ್ಟೆ. ಅರಿಷಿಣದ ದಿನ ಮುತ್ತೈದೆಯರಿಗೆ ಹೇಳುವ ಮಾತು ಅದು! ಐವರೂ ನನ್ನ ಮುಖ ನೋಡಿದರು.

"ಬಾಯಿ ಮುಚ್ಚು," ಎಂದಳು ದೊಡ್ಡವ್ವ. "ಆ ಗಾಜ ಕೆರದ ಒಗಿ."

ನಾನು ಎಂದಿನಂತೆ ವಿಧೇಯನಾಗಿ ನೀರಿನ ಕಡೆ ಹೊರಟೆ. ತಂಗಿ ಎದ್ದು ಬಂದು, ಅರಿಷಿಣದ ಕೈಯಲ್ಲೇ ಗಾಜಿನ ಅಂಚು ಹಿಡಿದಳು.

"ನಾ ಬೇಡಿದ್ದ ಇದೊಂದ ಅಣ್ಣಾ. ಇದನ್ನ ನಾ ಒಯ್ತೀನಿ."

ದೊಡ್ಡವ್ವನಿಗೆ ಮದುಮಗಳ ಕೈಯಿಂದ ಕಿತ್ತುಕೊಳ್ಳಲಾಗಲಿಲ್ಲ. ತಂಗಿ ಗಾಜನ್ನು ಅಡುಗೆಮನೆಗೆ ಒಯ್ದು ಒಲೆಯ ಮುಂದೆ ಕುಳಿತಿದ್ದ ಅತ್ತಿಯ ಮುಂದೆ ಹಿಡಿದಳು. ಕನ್ನಡಿಯೆಂದುಕೊಂಡು ಅತ್ತಿ ಮೊದಲು ಮುಖ ತಿರುಗಿಸಿದಳು. ಅಲ್ಲವೆಂದು ಹೇಳಿದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಗಾಜು ಈಸಿಕೊಂಡಳು, ಬಹಳ ಹೊತ್ತು ನೋಡಿದಳು.

"ಇದರಾಗ ನನ್ನ ಹಡದವ್ವ ಹ್ಯಾಂಗ ಬಂದಳು?" ಎಂದು ನನ್ನನ್ನು ಕೇಳಿದಳು.