ಎಂಟನೇ ಕೋಟೆಯ ನೆತ್ತಿ

ಮಹಡಿ ಮನೆ ಅಂಕಲ್ ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಕಾರ್ಖಾನೆಯಲ್ಲಿ ಯಾವಾಗಲೋ ಪ್ರೆಸ್ಸಿಗೆ ಸಿಕ್ಕಿತ್ತಂತೆ. ಟಿವಿ ಗೇಮಿನಲ್ಲಿ ಹಾರುವ ಗುಂಡಿಯನ್ನು ಅವರು ಒತ್ತುತ್ತಿದ್ದುದು ಅದೇ ಬೆರಳಿನಿಂದ. ಗೊಂಬೆ ಹಳ್ಳಕ್ಕೆ ಬಿದ್ದರೆ, ಕೆಲಸ ಕೆಡಿಸಿದ ಅಪ್ರೆಂಟಿಸನ್ನು ನೋಡುವ ಹಾಗೆ ಆ ಬೆರಳನ್ನು ನೋಡುತ್ತಿದ್ದರು. ಬೈಯುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಜೀವನ್ ಬಿಮಾ ನಗರದಲ್ಲಿ ನಾವು ಕೆಳಗೆ ಬಾಡಿಗೆಗಿದ್ದೆವು, ಅವರು ಮೇಲೆ. ನಾನು ಎಂಟನೇ ಕ್ಲಾಸು. ಅವರು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡುವ ಇನ್ಸ್‌ಪೆಕ್ಟರಾಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಶಿವಾಜಿನಗರದ ಗುಜರಿ ಅಂಗಡಿಯಿಂದ ಕೆಟ್ಟುಹೋದ ಗೇಮ್ ಸೆಟ್ಟೊಂದನ್ನು ತಂದು ತಾವೇ ಬೆಸುಗೆ ಹಾಕಿ ಸರಿಮಾಡಿದ್ದರು. ಜೊತೆಗೆ ಸಿಕ್ಕಿದ್ದು ಒಂದೇ ಕ್ಯಾಸೆಟ್, ಅದರ ಲೇಬಲ್ಲೂ ಹರಿದಿತ್ತು. ಆಟದ ಹೆಸರು ನಮಗೆ ಕೊನೆಗೂ ತಿಳಿಯಲಿಲ್ಲ. ಲಾಟೀನು ಹಿಡಿದ ಕುಳ್ಳನೊಬ್ಬ ಎಂಟು ಕೋಟೆ ಹತ್ತಬೇಕು. ಮೂರು ಜೀವ. ಮೂರೂ ಹೋದರೆ ಮತ್ತೆ ಮೊದಲ ಕೋಟೆ. ಕರೆಂಟು ಹೋದರೂ ಅಷ್ಟೇ. ಎಲ್ಲ ಕೋಟೆಗಳ ಹಿಂದೆಯೂ ಕಪ್ಪು ಆಕಾಶ.

“ಇಷ್ಟೊಂದು ಕತ್ತಲಲ್ಲಿ ಕೋಟೆ ಹತ್ತಿಸಿದೋನು ಕೊನೇಲಿ ಬೆಳಗು ತೋರಿಸ್ದೆ ಇರ್ತಾನೇನಮ್ಮಾ?” ಎನ್ನುತ್ತಿದ್ದರು ಅಂಕಲ್. ಅದನ್ನೊಮ್ಮೆ ನೋಡಬೇಕೆಂಬುದೇ ಅವರ ಹಟ. ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಗೊಂಬೆ ನೆಗೆಸ್ತಾ ಕೂತಿದ್ದಾರೆ ಎಂದು ಆಂಟಿ ಅಡುಗೆಮನೆಯಿಂದ ಚುಚ್ಚುತ್ತಿದ್ದರು. ಆದರೆ ಮಿಕ್ಸಿ ಹಾಕಿದರೆ ಟಿವಿಯಲ್ಲಿ ಗೆರೆ ಬರುತ್ತದೆಂದು, ಆಟ ನಿಲ್ಲುವವರೆಗೂ ಚಟ್ನಿ ರುಬ್ಬಲು ಕಾಯುತ್ತಿದ್ದವರೂ ಅವರೇ.

ಲೆಕ್ಕ ನನ್ನದು. ಎಲ್ಲಿ ಸತ್ತೆವು, ಯಾವುದರಿಂದ ಸತ್ತೆವು ಎಂದು ದಿನವೂ ಡೈರಿಯಲ್ಲಿ ಗೀಟು ಹಾಕುತ್ತಿದ್ದೆ. ಮೊದಲ ವಾರ ಒಂದು ಸಾವನ್ನು ಬಿಟ್ಟೆ. ಕೂದಲೆಳೆಯಷ್ಟರಲ್ಲಿ ತಪ್ಪಿದ ಜಿಗಿತ, ಲೆಕ್ಕಕ್ಕೆ ಹಿಡಿಯುವುದು ಬೇಡವೆನಿಸಿತ್ತು. ಅವರು ಡೈರಿ ಇಸಿದುಕೊಂಡು ತಾವೇ ಗೀಟೆಳೆದರು. “ಇದ್ದದ್ದು ಬರಿ. ಆಗ್ಬೇಕಾಗಿದ್ದದ್ದು ಬರೀಬೇಡ.”

ಅವರ ಇನ್ನೊಂದು ನಿಯಮ, ಮನೆ ಬಿಡುವಾಗ ಬಾಗಿಲ ಮೇಲಿನ ಕರೆಂಟಿನ ಮೇನ್ ಸ್ವಿಚ್ ಆಫ್ ಮಾಡುವುದು. ಹಾಲು ತರಲು ಬೂತಿಗೆ ಹೋದರೂ ಸರಿ. ನನಗೂ ಅದು ರೂಢಿಯಾಯಿತು.

ಅವರ ಕಣ್ಣಿನ ವಿಷಯ ಮೊದಲು ಹೇಳಿದ್ದು ಆ ಗೀಟುಗಳೇ. ಜೂನಿನಲ್ಲಿ, ಆಟದಲ್ಲಿ ಹಾರಿಬರುವ ಬಾವಲಿಯಿಂದ ಅವರು ಸತ್ತದ್ದು ಒಂಬತ್ತು ಸಲ. ಆಗಸ್ಟಿನಲ್ಲಿ ನಲವತ್ತೆರಡು, ಅದರಲ್ಲಿ ಮೂವತ್ತೆಂಟು ಎಡಗಡೆಯಿಂದ ಬಂದ ಬಾವಲಿಗೆ. ಪುಟ ತೋರಿಸಿದೆ. ಎಡಗಡೆಯಿಂದ ಬಾವಲಿ ಬರುತ್ತದೆಂಬುದೇ ಅವರಿಗೆ ಗೊತ್ತಿರಲಿಲ್ಲ. ಹಲಸೂರಿನ ಕಣ್ಣಿನ ಡಾಕ್ಟರು ಗ್ಲಾಕೋಮಾ ಎಂದರು. ಹೋದದ್ದು ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದರಂತೆ.

ಅಲ್ಲಿಂದಾಚೆ ನಾನು ಅವರ ಎಡಗಡೆಗೆ ಕೂರತೊಡಗಿದೆ. ಬಾವಲಿ ಬಂದರೆ ಮೊಣಕೈಯಿಂದ ತಿವಿಯುವುದು. ನವೆಂಬರಿನ ಒಂದು ಶನಿವಾರ ಬೆಳಿಗ್ಗೆ ಅವರು ಮೊದಲ ಸಲ ಎಂಟನೇ ಕೋಟೆ ಮುಟ್ಟಿದರು, ಇನ್ನೂ ಎರಡು ಜೀವ ಇತ್ತು. ಅಷ್ಟರಲ್ಲಿ ಕೆಳಗೆ ಆಟೋ ಬಂತು. ಡಾಕ್ಟರ ಬಳಿ ಹೋಗುವ ದಿನ. ಆಟವನ್ನು ಇದ್ದಲ್ಲೇ ನಿಲ್ಲಿಸಿ, ಸೆಟ್ಟನ್ನು ಹಾಗೇ ಬಿಟ್ಟು, ಬಂದು ಮುಗಿಸೋಣ ಎಂದು ಆಂಟಿಯ ಜೊತೆ ಇಳಿದರು. ಬೀಗ ಹಾಕುವ ಕೆಲಸ ನನಗೆ. ಬಾಗಿಲ ಬಳಿ ಬಂದಾಗ ಕೈ ತಾನಾಗಿ ಮೇಲಕ್ಕೆ ಹೋಯಿತು. ಮೇನ್ ಆಫ್ ಮಾಡಿ ಬೀಗ ಹಾಕಿದೆ. ನಿಲ್ಲಿಸಿದ್ದ ಆಟ ನೆನಪಾದಾಗ ಆಟೋ ತಿರುವು ದಾಟಿತ್ತು.

ಮಧ್ಯಾಹ್ನ ಅವರು ಮೆಟ್ಟಿಲು ಹತ್ತುವಾಗಲೇ ಹೇಳಿದೆ. ಕಂಬಿ ಹಿಡಿದು ಉಳಿದ ಮೆಟ್ಟಿಲು ಹತ್ತಿದರು.

“ನಾನು ಕಲ್ಸಿದ್ದನ್ನೇ ಮಾಡಿದ್ದೀಯ. ಬರ್ಕೋ, ಒಂದು.”

ಯಾವುದರಿಂದ ಎಂಬ ಕಡೆ ನನ್ನ ಹೆಸರು ಬರೆದೆ.

ಆಮೇಲೆ ಅವರು ಐದನೇ ಕೋಟೆ ದಾಟಲಿಲ್ಲ. ಯುಗಾದಿ ಹೊತ್ತಿಗೆ ಟಿವಿ ಇರುವ ದಿಕ್ಕಷ್ಟೇ ತಿಳಿಯುತ್ತಿತ್ತು. ನಾನು ಆಡುತ್ತಿದ್ದೆ, ಆಟದ ಸಂಗೀತ ಕೇಳಿ ನಾನು ಎಲ್ಲಿದ್ದೇನೆಂದು ಅವರು ಹೇಳುತ್ತಿದ್ದರು. ತೊಡೆಯ ಮೇಲೆ ಆ ಸೀಳು ಉಗುರಿನ ಹೆಬ್ಬೆರಳು ಸುಮ್ಮನೆ ಒತ್ತುತ್ತಲೇ ಇರುತ್ತಿತ್ತು. ನನ್ನ ಇನ್ನೂರ ಹನ್ನೊಂದನೆಯ ಪ್ರಯತ್ನದಲ್ಲಿ ಕುಳ್ಳ ಎಂಟನೇ ಕೋಟೆಯ ನೆತ್ತಿ ಏರಿದ. ಸಂಗೀತ ನಿಂತಿತು.

“ಬೆಳಗಾಯ್ತಾ?” ಎಂದರು.

ತೆರೆಯೆಲ್ಲ ಕಪ್ಪು. ನಡುವೆ ಇಂಗ್ಲಿಷಿನಲ್ಲಿ ಧನ್ಯವಾದದ ಒಂದು ಸಾಲು. ಅದೂ ಅಳಿಸಿ, ಕುಳ್ಳ ಲಾಟೀನು ಹಿಡಿದು ಮೊದಲ ಕೋಟೆಯ ಬುಡದಲ್ಲಿ ನಿಂತಿದ್ದ.

“ಇಲ್ಲ ಅಂಕಲ್. ಕತ್ತಲೇ ಇದೆ. ಮತ್ತೆ ಮೊದಲಿಂದ ಶುರುವಾಗಿದೆ.”

“ಸರಿಯಾಗಿ ನೋಡಿದ್ಯಾ?”

“ನೋಡ್ದೆ.”

ಅವರ ಹೆಬ್ಬೆರಳು ನಿಂತಿತು. ಬರ್ಕೋ ಎಂದರು. ಆಮೇಲೆ ಅಡುಗೆಮನೆ ಕಡೆ ಮುಖ ತಿರುಗಿಸಿ, ಇನ್ನು ಮಿಕ್ಸಿ ಹಾಕ್ಕೋಬಹುದು ಕಣೇ ಎಂದರು.

ಮತ್ತೆ ಆಟ ಹಾಕು ಎಂದು ಅವರು ಕೇಳಲಿಲ್ಲ. ಆ ವರ್ಷ ದೀಪಾವಳಿಯ ಮರುವಾರ ನಿದ್ದೆಯಲ್ಲೇ ಹೋದರು. ಆ ಡೈರಿ ನನ್ನಲ್ಲಿದೆ. ಅಂದಿನ ಪುಟದಲ್ಲಿ ಇದ್ದದ್ದು ಇದ್ದ ಹಾಗೇ ಇದೆ. ಬೆಳಗಾಯ್ತು ಅಂಕಲ್ ಎಂದುಬಿಡಬಹುದಿತ್ತು. ಅದೊಂದನ್ನು ಅವರು ನನಗೆ ಕಲಿಸಿರಲಿಲ್ಲ.